ಮೂರನೇ ಮಹಡಿಯ ಕೊನೆಯ ತಂತಿ

ಕಚೇರಿಯಲ್ಲಿ ಅವಳಿಗೆ ‘ಕತ್ತರಿ’ ಅಂತ ಅಡ್ಡಹೆಸರು. ಹಳೇ ತಾಮ್ರದ ಟೆಲಿಫೋನ್ ತಂತಿಗಳನ್ನೆಲ್ಲ ಕಿತ್ತುಹಾಕಿ ಊರಿಗೆ ಊರನ್ನೇ ಫೈಬರ್‌ಗೆ ಸೇರಿಸಬೇಕೆಂಬ ನೀತಿ ಬಂದಿದ್ದೇ ಬಂದದ್ದು, ಆ ಕೆಲಸಕ್ಕೇ ಹುಟ್ಟಿದವಳ ಹಾಗೆ ಮನೆಮನೆ ಸುತ್ತತೊಡಗಿದಳು. "ಹಳೇ ಫೋನಲ್ಲಿ ಬರೀ ಮಾತು ಬರುತ್ತೆ ಆಂಟಿ, ಇದ್ರಲ್ಲಿ ಪ್ರಪಂಚಾನೇ ಬರುತ್ತೆ" ಅಂತ ಅವಳು ನಕ್ಕರೆ ಎಂಥ ಜಗಮೊಂಡರೂ ಕರಗಿ ಸಹಿ ಹಾಕಿಬಿಡುತ್ತಿದ್ದರು. ಒಂದು ಕಟ್ಟಡದ ಕೊನೆಯ ತಂತಿ ಹೋದ ಕೂಡಲೇ ಅವಳ ಟ್ಯಾಬಿನ ನಕ್ಷೆಯಲ್ಲಿ ಆ ಕಟ್ಟಡ ಹಸಿರಾಗುತ್ತಿತ್ತು. ಆ ಹಸಿರು ಕಂಡರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ.

ಈ ಒಂದು ಕಟ್ಟಡ ಮಾತ್ರ ಹಸಿರಾಗದೆ ಅವಳ ಪ್ರಾಣ ತಿನ್ನುತ್ತಿತ್ತು. ಕಾರಣ ಮೂರನೇ ಮಹಡಿಯ ಮುದುಕಿ. ಒಂದು ಕಾಲಕ್ಕೆ ಮಕ್ಕಳಿಗೆ ಈಜು ಕಲಿಸುತ್ತಿದ್ದವಳು, ಈಗಲೂ ಎಲ್ಲರ ಬಾಯಲ್ಲೂ ‘ಈಜು ಟೀಚರ್’. ಅವಳ ಗಂಡ ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದಿದ್ದರು. ಕರೆಂಟಿನ ಯಂತ್ರವೊಂದು ಹಗಲೂ ರಾತ್ರಿ ಅವರ ಮೂಗಿಗೆ ಆಮ್ಲಜನಕ ಊದುತ್ತಿತ್ತು. ಕರೆಂಟ್ ಹೋದರೆ ಯಂತ್ರ ತನ್ನ ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ತಳ್ಳಿ, ಆಮೇಲೆ ಕುಯ್ಯೋ ಅಂತ ಕೂಗುತ್ತಿತ್ತು. ಆಗ ಪಕ್ಕದ ಸಿಲಿಂಡರಿನ ತಿರುಪು ತಿರುಗಿಸಬೇಕು, ಅದು ಅವರ ಕೈಲಾಗದ ಕೆಲಸ. ಟೀಚರ್ ಮನೆಯಲ್ಲಿಲ್ಲದಿದ್ದರೆ ಅವರು ಮೂಲೆಯ ಔಷಧಿ ಅಂಗಡಿಯವನಿಗೆ ಫೋನ್ ಮಾಡುತ್ತಿದ್ದರು, ಅವನು ಚಪ್ಪಲಿ ಸದ್ದು ಮಾಡುತ್ತಾ ಮೆಟ್ಟಿಲು ಹತ್ತಿ ಓಡಿಬರುತ್ತಿದ್ದ. ಮೊಬೈಲಿನ ನುಣುಪು ಗಾಜು ನಡುಗುವ ಬೆರಳಿಗೆ ಒಗ್ಗದು. ಹಳೇ ಫೋನಿನ ದಪ್ಪ ಗುಂಡಿ ಒಗ್ಗಿತ್ತು, ಅದರ ತಂತಿಗೆ ಬೇಕಾದ ಕರೆಂಟು ದೂರದ ಟೆಲಿಫೋನ್ ಕಚೇರಿಯಿಂದಲೇ ಬರುತ್ತಿತ್ತು.

"ಕರೆಂಟ್ ಹೋದ್ರೆ ನಿನ್ನ ಹೊಸ ಫೈಬರ್ ಡಬ್ಬಿ ಮಾತಾಡುತ್ತಾ?" ಇದೊಂದೇ ಟೀಚರ್ ಪ್ರಶ್ನೆ.

"ಈಗೆಲ್ಲಿ ಕರೆಂಟ್ ಹೋಗುತ್ತೆ ಆಂಟಿ? ಬನ್ನಿ, ಕೆಳಗೆ ಡಬ್ಬಿ ಕೂರಿಸಿದೀವಿ, ಕಣ್ಣಾರೆ ನೋಡಿ. ಆಮೇಲೂ ಬೇಡ ಅಂದ್ರೆ ನಾನು ಈ ಕಡೆ ತಲೆ ಹಾಕಿಯೂ ಮಲಗಲ್ಲ."

ಹೀಗೆ ಪುಸಲಾಯಿಸಿ ಇವತ್ತು ಮಧ್ಯಾಹ್ನ ಟೀಚರನ್ನು ಕೆಳಗೆ ಕರೆದುಕೊಂಡು ಹೋಗಿದ್ದಳು. ನೋಡಿ ಲಿಫ್ಟಿನಲ್ಲಿ ಮೇಲೆ ಬರುವಾಗ, ಮೂರನೇ ಮಹಡಿಗೆ ಇನ್ನೊಂದು ಮಾರು ಇದೆ ಅನ್ನುವಾಗ ದೀಪ ಆರಿತು, ಲಿಫ್ಟ್ ಧಡಕ್ಕನೆ ನಿಂತಿತು.

"ಎಲ್ಲಿ ಹೋಗುತ್ತೆ ಅಂದ್ಯಲ್ಲ, ಇಲ್ಲೇ ಹೋಯ್ತು ನೋಡು" ಅಂದಳು ಟೀಚರ್ ಕತ್ತಲಲ್ಲಿ.

ಕತ್ತರಿ ತಡಕಾಡಿ ತುರ್ತು ಗುಂಡಿ ಒತ್ತಿದಳು. ಉಸಿರಿಲ್ಲ. ಇನ್ನೊಮ್ಮೆ ಒತ್ತುವ ಮೊದಲೇ ನೆನಪಾಯಿತು. ಆ ಗುಂಡಿಯಿಂದ ಹೊರಗೆ ಕರೆ ಹೋಗುವ ಟೆಲಿಫೋನ್ ತಂತಿಯನ್ನು ಹೋದ ತಿಂಗಳು ಅವಳೇ ತೆಗೆಸಿದ್ದಳು. ವರ್ಷಗಟ್ಟಲೆ ಒಂದೂ ಕರೆ ಹೋಗದ ತಂತಿ ಸತ್ತ ತಂತಿ, ಕೇಳದೆ ಕತ್ತರಿಸಬಹುದು ಅಂತ ನಿಯಮ. ಇಷ್ಟು ವರ್ಷ ಯಾರೂ ಲಿಫ್ಟಿನಲ್ಲಿ ಸಿಕ್ಕಿಕೊಂಡಿರಲಿಲ್ಲ, ಹಾಗಾಗಿ ಯಾರೂ ಕರೆ ಮಾಡಿರಲಿಲ್ಲ. ಅಷ್ಟು ಯೋಚನೆ ಮಾಡುವ ಪುರುಸೊತ್ತು ಯಾರಿಗಿತ್ತು?

ಇಬ್ಬರೂ ಬಾಗಿಲು ಬಡಿದರು, ಕೂಗಿದರು. ನಡುಮಧ್ಯಾಹ್ನ, ಕಟ್ಟಡದವರೆಲ್ಲ ಕೆಲಸಕ್ಕೆ ಹೋದ ಹೊತ್ತು. ಕಾವಲುಗಾರನನ್ನು ಬಿಡಿಸಿ ಅವನ ಜಾಗಕ್ಕೆ ಕ್ಯಾಮೆರಾ ಹಾಕಿಸಿದ್ದರು, ಅದೂ ಹೊಸ ಡಬ್ಬಿಯ ಬಾಲ ಹಿಡಿದೇ ಬದುಕುವಂಥದ್ದು.

"ಗಾಬರಿ ಬೀಳ್ಬೇಡ. ಯಂತ್ರ ಕೂಗಿದ ಕೂಡ್ಲೇ ನಮ್ಮವರು ಅಂಗಡಿಗೆ ಫೋನ್ ಮಾಡ್ತಾರೆ. ಅವನು ಬಂದ್ರೆ ಅವರದ್ದೂ ಆಯ್ತು, ನಮ್ಮದೂ ಆಯ್ತು" ಅಂತ ಟೀಚರ್ ನೆಲಕ್ಕೆ ಕೂತಳು.

ಫೋನ್ ಅಂದ ಕೂಡಲೇ ಕತ್ತರಿ ಟ್ಯಾಬು ಎತ್ತಿದಳು. ಟ್ಯಾಬಿನ ಬೆಳಕಿನಲ್ಲಿ ಗಂಟೆ ನೋಡಿದಳು. ಮೂರಕ್ಕೆ ಇನ್ನು ಹದಿನೈದು ನಿಮಿಷ.

ವಿಷಯ ಏನೆಂದರೆ, ಆಯಾ ದಿನದ ತಂತಿಗಳನ್ನೆಲ್ಲ ಕಚೇರಿಯ ಯಂತ್ರ ಮೂರು ಗಂಟೆಗೆ ಒಟ್ಟಿಗೆ ಕತ್ತರಿಸುತ್ತಿತ್ತು. ಸಹಿ ಸಿಗುವವರೆಗೆ ಕಾದರೆ ಲೆಕ್ಕ ನಾಳೆಗೆ ಹೋಗುತ್ತದೆ. ಅದಕ್ಕೇ ಬೆಳಗ್ಗೆ ಟೀ ಕುಡಿಯುವಾಗಲೇ ಎಲ್ಲರೂ ಅವತ್ತಿನ ಮನೆಗಳ ಮುಂದೆ ‘ಒಪ್ಪಿದ್ದಾರೆ’ ಅಂತ ಒತ್ತಿಬಿಡುತ್ತಿದ್ದರು. ಸಹಿ ಆಮೇಲೆ, ಸಿಗದಿದ್ದರೆ ಮೂರರೊಳಗೆ ‘ರದ್ದು’ ಒತ್ತಿದರಾಯಿತು. ಟೀಚರ್ ಮನೆಗೂ ಬೆಳಗ್ಗೆಯೇ ಒತ್ತಾಗಿತ್ತು.

ಈಗ ‘ರದ್ದು’ ಒತ್ತಿದಳು. ಕಬ್ಬಿಣದ ಪೆಟ್ಟಿಗೆಯೊಳಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಟ್ಯಾಬನ್ನು ಮೇಲಕ್ಕೆತ್ತಿದಳು, ಬಾಗಿಲ ಸಂದಿಗೆ ಒತ್ತಿದಳು, ತುದಿಗಾಲಲ್ಲಿ ನಿಂತಳು. ಜಗತ್ತಿನ ಮೂಲೆಮೂಲೆಗೂ ತಲುಪುತ್ತದೆ ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ವಸ್ತು ಅಂಗೈಯಷ್ಟು ದಪ್ಪದ ಬಾಗಿಲು ದಾಟಲಿಲ್ಲ.

"ಆಂಟಿ, ಕಾಯೋದ್ಯಾಕೆ? ಅವರಿಗೆ ಈಗ್ಲೇ ಕೂಗಿ ಹೇಳಿ, ಈಗ್ಲೇ ಫೋನ್ ಮಾಡ್ಲಿ."

"ಅಂಗಡಿಯವನೂ ಊಟ ಮಾಡಿ ಒಂದ್ಗಳಿಗೆ ಅಡ್ಡಾಗಿರ್ತಾನೆ. ಯಂತ್ರ ಕೂಗೋವರೆಗೂ ಅವನಿಗೆ ತೊಂದ್ರೆ ಕೊಡಬಾರ್ದು ಅಂತ ನಮ್ಮವರ ಹಟ. ನಾನು ಹೇಳಿದ್ರೂ ಕೇಳಲ್ಲ."

ನಿಜ ಹೇಳಿದರೆ ಟೀಚರ್ ಕೂಗುತ್ತಾಳೆ, ಮುದುಕರು ಫೋನ್ ಎತ್ತುತ್ತಾರೆ. ಎರಡು ಮಾತಿನ ಕೆಲಸ. ಆದರೆ ಕತ್ತರಿ ಆ ಎರಡು ಮಾತು ಆಡಲಿಲ್ಲ. ಹೇಳಿದರೆ ದೂರು ಹೋಗುತ್ತದೆ, ಕೆಲಸ ಹೋಗುತ್ತದೆ, ಇಷ್ಟು ದಿನದ ಹಸಿರೆಲ್ಲ ಕೆದಕುತ್ತಾರೆ. ಅಷ್ಟರಲ್ಲಿ ಕರೆಂಟ್ ಬಂದರೆ? ಬಂದೇ ಬರುತ್ತದೆ, ಈಗೆಲ್ಲಿ ಇಷ್ಟು ಹೊತ್ತು ಹೋಗುತ್ತದೆ? ತನ್ನದೇ ಮಾತನ್ನು ತಾನೇ ನಂಬಲು ಹೊರಟಿದ್ದಳು, ನಾಚಿಕೆಗೇಡು. ಒಂದೊಂದು ನಿಮಿಷ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು, ಯಾಕೆಂದರೆ ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಅನ್ನುವುದನ್ನೂ ಈಗ ಹೇಳಬೇಕಿತ್ತು.

ಟ್ಯಾಬಿನಲ್ಲಿ ಮೂರಾಯಿತು. ಚಕ್ರ ಸುತ್ತುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಯಂತ್ರದ ಕೂಗು ಕೇಳಿತು. "ಹ್ಞಾಂ, ಈಗ ಮಾಡ್ತಾರೆ" ಅಂತ ಟೀಚರ್ ಕಿವಿ ಕೊಟ್ಟಳು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಿಲ್ಲ. ಯಂತ್ರ ಕೂಗಿ ಕೂಗಿ ಸುಮ್ಮನಾಯಿತು. ಆ ಮೌನದಲ್ಲಿ ಮುದುಕರ ಸಣ್ಣ ದನಿ ಬಂತು. "ಹಲೋ... ಹಲೋ..."

"ಯಾಕೆ ಯಾರೂ ಎತ್ತುತ್ತಿಲ್ಲ?" ಟೀಚರ್ ಕತ್ತರಿಯ ಕಡೆ ತಿರುಗಿದಳು.

"ಲೈನ್ ಇಲ್ಲ ಆಂಟಿ" ಅಂದಳು ಕತ್ತರಿ. "ಬೆಳಗ್ಗೇನೇ ನಿಮ್ಮ ಹೆಸರಲ್ಲಿ ಒಪ್ಪಿಗೆ ಒತ್ತಿಬಿಟ್ಟಿದ್ದೆ. ಮೂರಕ್ಕೆ ಕಟ್ಟಾಯ್ತು. ನಂಗೆ ಗೊತ್ತಿತ್ತು."

ಬೈಗುಳಕ್ಕೆ ಕಾದಳು. ಬರಲಿಲ್ಲ. ಟೀಚರ್ ಎದ್ದು ಬಾಗಿಲ ಸಂದಿಗೆ ಬಾಯಿಟ್ಟಳು. ಈಜುಕೊಳದ ಆ ದಡದಿಂದ ಈ ದಡಕ್ಕೆ ಮುಟ್ಟಿಸುತ್ತಿದ್ದ ದನಿ ಮುದಿ ಎದೆಯಿಂದ ಎದ್ದು ಬಂತು.

"ಫೋನ್ ಕೆಳಗಿಡ್ರೀ! ಮಾತು ಬೇಡ! ತುಟಿ ಚೂಪು ಮಾಡಿ ಊದಿ! ನಿಧಾನ! ಈಗ ಎಳ್ಕೊಳಿ! ಊದಿ!"

ಮತ್ತೆ ಮತ್ತೆ ಅದೇ. ಎಳ್ಕೊಳಿ, ಊದಿ. ನಡುವೆ ತನಗೇ ಉಸಿರು ಸಿಕ್ಕಿ ಕೆಮ್ಮಿದಳು, ಗೋಡೆ ಹಿಡಿದು ಮತ್ತೆ ಕೂಗಿದಳು. ಗಂಟಲು ಹರಿದು ದನಿ ಕೀರಲಾಯಿತು, ನಿಲ್ಲಿಸಲಿಲ್ಲ. ಕತ್ತರಿ ಅವಳ ಸೊಂಟ ಹಿಡಿದು ನಿಂತಿದ್ದಳು, ತಾನೂ ಅದೇ ತಾಳಕ್ಕೆ ಉಸಿರಾಡುತ್ತಾ ಅಳುತ್ತಿದ್ದಳು.

ಕೊನೆಗೊಮ್ಮೆ ದೀಪ ಹತ್ತಿತು. ಲಿಫ್ಟ್ ಏನೂ ಆಗಿಲ್ಲವೆಂಬಂತೆ ಮೇಲೆ ಹೋಗಿ ಬಾಗಿಲು ತೆರೆಯಿತು.

ಮುದುಕರು ಬದುಕಿದ್ದರು. ತುಟಿ ನೀಲಿಗಟ್ಟಿತ್ತು, ರಿಸೀವರ್ ಎದೆಯ ಮೇಲಿತ್ತು, ಕಣ್ಣು ಮುಚ್ಚಿ ಇನ್ನೂ ಊದುತ್ತಲೇ ಇದ್ದರು. ಟೀಚರ್ ಸಿಲಿಂಡರ್ ತಿರುಗಿಸಿ, ಕೊಳವೆ ಸಿಕ್ಕಿಸಿ, ಅವರ ಬಣ್ಣ ತಿರುಗುವವರೆಗೂ ಕೈ ಹಿಡಿದು ಕೂತಳು. ಆಮೇಲೆ ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿ ಸ್ವಸ್ಥಾನದಲ್ಲಿಟ್ಟಳು.

ಕತ್ತರಿಯ ಕೈಯಲ್ಲಿ ಟ್ಯಾಬು ಟಿಣ್ ಅಂದಿತು. ನೆಟ್‌ವರ್ಕ್ ಬಂದಿತ್ತು. ಕಟ್ಟಡ ಹಸಿರಾಗಿತ್ತು.

"ಹಳೇ ತಂತಿ ವಾಪಸ್ ಬರುತ್ತಾ?" ಟೀಚರ್ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ.

"ಇಲ್ಲ ಆಂಟಿ. ಒಂದ್ಸಲ ಕಟ್ಟಾದ್ರೆ ಮತ್ತೆ ಕೊಡೋ ಹಾಗಿಲ್ಲ."

"ಹಾಗಾದ್ರೆ ಹೊಸದಾದ್ರೂ ಬರ್ಲಿ. ಸಹಿ ಎಲ್ಲಿ ಹಾಕ್ಬೇಕು ತೋರ್ಸು."

ಕತ್ತರಿ ತಲೆ ಎತ್ತದೆ ಟ್ಯಾಬು ಹಿಡಿದಳು. ಟೀಚರ್ ಬೆರಳಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಬರೆದು, ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಆಂಟಿ?"

"ಅಂಗಡಿಯವನಿಗೆ, ಇನ್ಮೇಲೆ ಕರೆಂಟ್ ಹೋದಾಗ ನಮ್ಮ ಫೋನ್ ಬರಲ್ಲ ಅಂತ ಹೇಳಿ ಬರ್ತೀನಿ. ನೀನಿಲ್ಲೇ ಕೂತಿರು. ಮತ್ತೆ ಕರೆಂಟ್ ಹೋದ್ರೆ ತಿರುಪು ತಿರುಗಿಸೋಕೆ ಒಬ್ಬರು ಬೇಕಲ್ಲ."

ಟೀಚರ್ ಮೆಟ್ಟಿಲು ಇಳಿದು ಹೋದಳು. ಕತ್ತರಿ ಸಿಲಿಂಡರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ತಿರುಪಿನ ಮೇಲೆ ಕೈಯಿಟ್ಟುಕೊಂಡು, ಉರಿಯುತ್ತಿದ್ದ ದೀಪವನ್ನೇ ನೋಡುತ್ತಿದ್ದಳು.