ಚಾವಿ ಇಲ್ಲದ ಗಡಿಯಾರ

"ನಿಂತೈತ್ರಿ ಸಾಬರ! ಮತ್ತ ನಿಂತೈತಿ!"

ಯಲಗೂರಪ್ಪ ಕೂಗಿದ ರಭಸಕ್ಕೆ ವಿಜಾಪುರದ ಆ ಓಣಿಯ ಮಂದಿಯೆಲ್ಲ ಗಡಿಯಾರದ ಅಂಗಡಿಯತ್ತ ಹೊರಳಿ ನೋಡಿದರು. ಅಂಗಡಿಯ ಲಾಡಲೇಸಾಬ ಮಾತ್ರ ಅವಸರ ಮಾಡಲಿಲ್ಲ. ಕೈಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಕೂಸನ್ನು ತೂಗಿದಂತೆ ಆಚೀಚೆ ತೂಗಿ, ಯಲಗೂರಪ್ಪನ ಕಿವಿಗೆ ಹಿಡಿದ. ಟಿಕ್ ಟಿಕ್ ಸದ್ದು ಕೇಳುತ್ತಲೇ ಅವನ ಸಿಟ್ಟು ಅರ್ಧ ಇಳಿಯಿತು.

"ಪಟ್ಟಿಗೆ ಹಳದಿ ಯಾಕ ಹತ್ತೈತಿ?" ಲಾಡಲೇಸಾಬ ಕೇಳಿದ.

"ರಾತ್ರಿ ಬಿಚ್ಚಿ ದೇವರ ಜಗಲಿ ಮ್ಯಾಲ ಇಡತೇನ್ರಿ. ಭಂಡಾರದ ಅರಿಷಿಣ ಅದು."

"ಯಪ್ಪಾ ಯಲಗೂರಪ್ಪಾ, ಇದಕ್ಕ ಚಾವಿ ಕೊಡೂದಿಲ್ಲ. ಕೈ ಆಡಿದಾಂಗ ಒಳಗಿನ ತೂಕ ತಿರಗತೈತಿ, ಅದರ ಮ್ಯಾಲ ಇದು ನಡೀತೈತಿ. ದೇವರ ಮುಂದ ಕುಂದರಿಸಿದರ ಇದೂ ಧ್ಯಾನಕ್ಕ ಕುಂದರತೈತಿ!"

"ಹಗಲೆಲ್ಲಾ ಕೈಯಾಗ ಇರತೈತಲ್ರಿ. ಮಮದಾಪುರ ಕೆರಿತನಾ ಕುರಿ ಹಿಂದ ಅಡ್ಡಾಡತೇನಿ ನಾ."

ಬಾಗಿಲ ಬಳಿ ಬಾಕಿನ ಮೇಲೆ ಕುಳಿತಿದ್ದ ಗುರುಪಾದಯ್ಯ ನಕ್ಕ. ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟ ಈತನ ಕಣ್ಣೂ ಅದೇ ಗಡಿಯಾರದ ಮೇಲಿತ್ತು. ಅಂಥದು ಅಂಗಡಿಯಲ್ಲಿ ಇದ್ದದ್ದು ಒಂದೇ. "ಕುರಿ ಅಡ್ಡಾಡತಾವಲೇ ಯಲಗೂರ. ನೀ ಬಡಿಗಿ ಊರಕೊಂಡು ನಿಂದರತಿ."

ಲಾಡಲೇಸಾಬ ಇಬ್ಬರನ್ನೂ ನೋಡಿದ. ವರ್ಷ ವರ್ಷ ಬಕ್ರೀದಿಗೆ ಟಗರು ತರುವುದು ಯಲಗೂರಪ್ಪನ ಹಟ್ಟಿಯಿಂದಲೇ. ಆ ಸಲಿಗೆಯಿಂದಲೇ ಅವನಿಗೆ ಗಡಿಯಾರವನ್ನು ಕಟ್ಟಿ ನೋಡಲು ಕೊಟ್ಟದ್ದು. "ಬಬಲೇಶ್ವರ ಸಂತಿತನಾ ಕಟ್ಟಿ ನೋಡು," ಎಂದ. "ಅವತ್ತೂ ನಿಂತಿದ್ದರ ಗುರುಪಾದಯ್ಯಾರಿಗೆ ಕೊಡತೇನಿ."

ಹಾಗೆ ನೋಡಿದರೆ ಯಲಗೂರಪ್ಪನಿಗೆ ಗಡಿಯಾರದಿಂದ ಆಗಬೇಕಾದ ಕೆಲಸ ಒಂದೂ ಇರಲಿಲ್ಲ. ಕುರಿಗಳು ಹೊತ್ತು ಕೇಳುವುದಿಲ್ಲ. ಆದರೂ ಬೇಕಾಗಿತ್ತು. ಬಸ್ಸಿನವರು, ಸಾಲಿ ಮಾಸ್ತರರು, ಅಂಗಡಿಯವರು ಎಲ್ಲರೂ ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುವಾಗ, ತಾನು ಮಾತ್ರ ಹಣೆಗೆ ಕೈ ಹಚ್ಚಿ ಸೂರ್ಯನನ್ನು ನೋಡಬೇಕು. ಈ ವರ್ಷ ಹಟ್ಟಿ ತುಂಬಿದೆ, ಉಣ್ಣೆಗೂ ಒಳ್ಳೆಯ ದರ ಬಂದಿದೆ. ಕುರಿ ಕಾಯುವವನು ಕಟ್ಟಬಾರದು ಎಂದು ಯಾರು ಬರೆದಿಟ್ಟಿದ್ದಾರೆ? ಕಟ್ಟಿದರೆ ಇದನ್ನೇ ಕಟ್ಟಬೇಕು ಎಂದು ಅವನ ಜೀವ ಹಟ ಹಿಡಿದಿತ್ತು.

ಮರುದಿನ ಕೆರೆಯ ಏರಿಯ ಮೇಲೆ ಅವನು ಪರೇಡಿನ ಪೊಲೀಸನಂತೆ ಕೈ ಬೀಸುತ್ತ ನಡೆದ. ಕುರಿಗಳು ಬೆದರಿ ಚದುರಿದವು, ನಾಯಿ ಸುಮ್ಮಸುಮ್ಮನೆ ಬೊಗಳಿತು. ಅವನ್ನೆಲ್ಲ ಕೂಡಿಹಾಕುವ ಹೊತ್ತಿಗೆ ಸಾಕುಸಾಕಾಗಿ, ಬಡಿಗೆ ಊರಿ, ಅದರ ತುದಿಗೆ ಎರಡೂ ಕೈ ಇಟ್ಟು, ಕೈ ಮೇಲೆ ಗದ್ದ ಇಟ್ಟು ನಿಂತ. ಹುಡುಗತನದಿಂದ ಹಾಗೆ ನಿಂತೇ ಬೆಳೆದವನು. ಸಂಜೆಯವರೆಗೂ ಹಾಗೆಯೇ ನಿಂತಿದ್ದೇನೆ ಎಂಬುದು ಅವನಿಗೇ ತಿಳಿಯಲಿಲ್ಲ. ಮುಂಜಾನೆ ಎದ್ದು ನೋಡಿದರೆ ಮುಳ್ಳು ಮತ್ತೆ ನಿಂತಿತ್ತು.

ಅವನ ಮುಖ ಸಣ್ಣದಾಯಿತು. ಗುರುಪಾದಯ್ಯ ಹೇಳಿದ್ದು ಖರೆ ಎಂಬುದೇ ಹೆಚ್ಚು ಸುಟ್ಟಿತು. ಗಡಿಯಾರ ಬಿಚ್ಚಿ ಹೆಂಡತಿ ಸಕ್ರವ್ವನ ಮಡಿಲಿಗೆ ಒಗೆದ.

"ತಗೋ ಬೇ, ನನಗ ಒಲ್ಲೆ ಅಂತೈತಿ ಇದು. ಸಂತಿಗಿ ಒಯ್ದು ಆ ಅಯ್ಯಾಗ ಕೊಟ್ಟು ಬಿಡೋಣು."

"ಒಗೀಬ್ಯಾಡ್ರಿ, ಒಡದರ ರೊಕ್ಕ ಯಾರು ಕೊಡೋರು?" ಸಕ್ರವ್ವ ಗದರಿದಳು. ಎಲ್ಲಿಟ್ಟರೂ ಕೋಳಿ ಕೆದರೀತು, ಇಲಿ ಎಳೆದೀತು ಎಂದು ಹೆದರಿ, ತನ್ನ ಎಡಗೈಗೇ ಕಟ್ಟಿಕೊಂಡಳು. ಪಟ್ಟಿ ಸಡಿಲಾಯಿತು. ಬಳೆಗಳ ಹಿಂದೆ ಮೇಲಕ್ಕೆ ಏರಿಸಿ ಬಿಗಿದಳು. ಆಮೇಲೆ ಅವಳಿಗೆ ಅದರ ನೆನಪೂ ಇರಲಿಲ್ಲ. ಮಜ್ಜಿಗೆ ಕಡೆದಳು, ಬಾವಿಯಿಂದ ನೀರು ಸೇದಿದಳು, ರೊಟ್ಟಿ ಬಡಿದಳು, ಕಸ ಹೊಡೆದಳು, ಹೊತ್ತು ಇಳಿದ ಮೇಲೆ ಅಂಗಳದಲ್ಲಿ ಕುಳಿತು ಉಣ್ಣೆ ನೂತಳು. ರಾತ್ರಿ ಕೈಗೆ ಕಟ್ಟಿಕೊಂಡೇ ಮಲಗಿಬಿಟ್ಟಳು.

ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಸಂತೆಯ ದಿನ ನಸುಕಿನಲ್ಲಿ ಅವಳು ಅವನಿಗೆ ಚಹಾ ಕೊಡಲು ಕೈ ಚಾಚಿದಾಗ ಯಲಗೂರಪ್ಪ ಬಟ್ಟಲು ಬಿಟ್ಟು ಅವಳ ಎಡ ಮುಂಗೈಯನ್ನೇ ಹಿಡಿದು ಕಿವಿಗೆ ಹಚ್ಚಿದ.

"ನಡ್ಯಾಕತ್ತೈತಿ!"

"ಏನು?"

"ಇದು ಬೇ! ನಿಂತೇ ಇಲ್ಲ!" ಅವನು ನಕ್ಕ. ಆದರೆ ತನ್ನ ಕೈಯಲ್ಲಿ ನಿಂತದ್ದು ಇವಳ ಕೈಯಲ್ಲಿ ನಡೆಯುತ್ತಿದೆ. ಬಬಲೇಶ್ವರದವರೆಗೂ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತ ಕುಳಿತ. ಒಮ್ಮೆ ಮಾತ್ರ ತಿರುಗಿ ಹೆಂಡತಿಯ ಕೈಗಳನ್ನು ನೋಡಿದ. ಬಸ್ಸಿನಲ್ಲೂ ಅವು ಸುಮ್ಮನಿರದೆ ಚೀಲದ ಹರಿದ ಹೊಲಿಗೆಯನ್ನು ಗಂಟು ಹಾಕುತ್ತಿದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ನೋಡಿರಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಸಂತೆಗೆ ಬಂದ ಲಾಡಲೇಸಾಬ ಗುರುಪಾದಯ್ಯನ ಅಂಗಡಿಯ ಕಟ್ಟೆಯ ಮೇಲೆ ರಿಪೇರಿಯ ಪೆಟ್ಟಿಗೆ ತೆರೆದು ಕುಳಿತಿದ್ದ. ಯಲಗೂರಪ್ಪನ ಬರಿಗೈ ಕಂಡು ಗುರುಪಾದಯ್ಯನ ಮುಖ ಅರಳಿತು.

"ನಿಂತಿತೋ ಇಲ್ಲೋ?"

"ನನ್ನ ಕೈಯಾಗ ನಿಂತಿತ್ರಿ."

"ಹಂಗಾರ ತಾ ಇಲ್ಲೆ," ಎಂದು ಗುರುಪಾದಯ್ಯ ಅಂಗೈ ಒಡ್ಡಿದ.

"ಈಕಿ ಕೈಯಾಗ ನಿಂತಿಲ್ರಿ." ಯಲಗೂರಪ್ಪ ಹೆಂಡತಿಯ ಸೆರಗನ್ನು ತಾನೇ ಸರಿಸಿ ಅವಳ ಕೈ ಎತ್ತಿ ತೋರಿಸಿದ. ಸಕ್ರವ್ವ ನಾಚಿ ಕೈ ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ಗಂಡಸರ ವಾಚಲೇ ಅದು! ಹೆಂಗಸು ಕಟ್ಟಿಕೊಂಡರ ಮಂದಿ ಏನ ಅಂದಾರು?" ಎಂದ ಗುರುಪಾದಯ್ಯ.

"ಮಂದೀನ ಯಾಕ ಕೇಳತೀರಿ ಅಯ್ಯಾರ, ವಾಚನ್ನ ಕೇಳ್ರಿ. ಅದು ಒಪ್ಪೈತಿ."

ಲಾಡಲೇಸಾಬ ತನ್ನ ಗಡಿಯಾರವನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದ. ಎರಡರ ಸೆಕೆಂಡಿನ ಮುಳ್ಳೂ ಒಂದೇ ಲಯದಲ್ಲಿ ಓಡುತ್ತಿದ್ದವು. ಅವನು ಗಡ್ಡ ನೀವಿಕೊಂಡು ನಗುತ್ತ, ಪೆಟ್ಟಿಗೆಯಿಂದ ಚರ್ಮ ಚುಚ್ಚುವ ದಬ್ಬಳ ತೆಗೆದ. "ಪಟ್ಟಿ ದೊಡ್ಡದಾಗೈತಿ ತಂಗಿ, ನಿನ್ನ ಕೈಗೆ ಹೊಸಾ ತೂತು ಬೇಕು. ಒಂದು ಮಾತು, ತೂತು ಹಾಕಿದ ಮ್ಯಾಲ ನಾ ವಾಪಸ್ ತಗೊಳ್ಳಂಗಿಲ್ಲ."

ಯಲಗೂರಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಸಕ್ರವ್ವ ಹೇಳಿದಳು: "ಹಾಕ್ರಿ."

ಆ ದನಿ ಇಡೀ ಕಟ್ಟೆಗೆ ಕೇಳಿಸಿತು. ಯಲಗೂರಪ್ಪ ಟಗರು ಮಾರಿದ ದುಡ್ಡಿನ ಗಂಟನ್ನು ಲಾಡಲೇಸಾಬನ ಮುಂದಿಟ್ಟ. ಇಷ್ಟು ಖುಷಿ ಅವನಿಗೆ ತನ್ನ ಟಗರು ಕಾಳಗದಲ್ಲಿ ಗೆದ್ದಾಗಲೂ ಆಗಿರಲಿಲ್ಲ. ಗುರುಪಾದಯ್ಯ ಒಡ್ಡಿದ್ದ ಅಂಗೈಯಿಂದಲೇ ತನ್ನ ಬೆವರು ಒರೆಸಿಕೊಂಡ.

ಆಮೇಲೆ ಅವರು ಸಂತೆ ಮಾಡಿದರು. ಮೆಣಸಿನಕಾಯಿ ರಾಶಿಯ ಮುಂದೆ ಸಕ್ರವ್ವ ಕುಕ್ಕರಗಾಲಲ್ಲಿ ಕುಳಿತಳು. ಯಾವತ್ತೂ ಬಲಗೈಯಿಂದ ಆರಿಸುವವಳು ಇವತ್ತು ಎಡಗೈಯಿಂದ ಒಂದೊಂದೇ ಕಾಯಿ ಎತ್ತಿ, ಬಿಸಿಲಿಗೆ ಹಿಡಿದು ನೋಡಿ, ಸಾವಕಾಶವಾಗಿ ಆರಿಸತೊಡಗಿದಳು. ಯಲಗೂರಪ್ಪ ಚೀಲದ ಬಾಯಿ ಹಿಗ್ಗಿಸಿ ಹಿಡಿದುಕೊಂಡು ನಿಂತ.