ಮೂರನೇ ಸಾಲಿನ ಎರಡೂವರೆ ಚಪ್ಪಾಳೆ

ಆ ಒಪೆರಾ ರೆಕಾರ್ಡಿನಲ್ಲಿ ಚಪ್ಪಾಳೆ ಬೀಳುವುದು ಕೊನೆಯ ಹಾಡಿನ ಆರು ನಿಮಿಷ ಹನ್ನೊಂದನೇ ಸೆಕೆಂಡಿಗೆ. ಎರಡು ಪೂರ್ತಿ, ಒಂದು ಅರ್ಧ. ತುಂಬಿದ ಸಭಾಂಗಣದಲ್ಲಿ ಒಬ್ಬರೇ ಒಬ್ಬರು, ಹಾಡು ಮುಗಿಯುವ ಮೊದಲೇ ತಟ್ಟಿದ್ದು. ಅದು ಯಾರೆಂದು ಜಗತ್ತಿನಲ್ಲಿ ಮೂರು ಜನಕ್ಕೆ ಮಾತ್ರ ಗೊತ್ತಿತ್ತು: ತಟ್ಟಿದವರಿಗೆ, ಅವರ ಎಡಕ್ಕೆ ಕೂತಿದ್ದ ಹೆಂಡತಿಗೆ, ಬಲಕ್ಕೆ ಕೂತಿದ್ದ ದರ್ಜಿಗೆ.

ತಟ್ಟಿದವರು ಒಂದು ದಿನಪತ್ರಿಕೆಯ ಸಂಗೀತ ವಿಮರ್ಶಕರು. ಕಚೇರಿಯಲ್ಲಿ ಅವರಿಗೆ ಅಡಿಟಿಪ್ಪಣಿ ಎಂದು ಹೆಸರು ಬಿದ್ದಿತ್ತು. ‘ಇವತ್ತು ಮಂಗಳವಾರ’ ಎಂದು ಯಾರಾದರೂ ಅಂದರೂ ಅದಕ್ಕೊಂದು ವಿವರಣೆ ಅಂಟಿಸದೆ ಅವರು ಬಿಡುತ್ತಿರಲಿಲ್ಲ. ಅವರಿಗೆ ಎರಡು ಹೆಮ್ಮೆಗಳಿದ್ದವು. ಪತ್ರಿಕೆಯ ಎರಡನೇ ಪುಟದ ಕೆಳಗೆ ‘ತಿದ್ದುಪಡಿ’ ಎಂಬ ಪುಟ್ಟ ಚೌಕವಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಬರಹಕ್ಕೆ ಸಂಬಂಧಿಸಿ ಅದರಲ್ಲಿ ಒಂದು ಸಾಲೂ ಬಂದಿರಲಿಲ್ಲ. ಎರಡನೆಯದು, ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟುವವರ ಮೇಲೆ ಅವರು ಸಾರಿದ್ದ ಯುದ್ಧ. ಆ ವಿಷಯದ ಮೇಲೆ ಅವರು ನಾಲ್ಕು ಅಂಕಣ ಬರೆದಿದ್ದರು. ಒಂದರ ಶೀರ್ಷಿಕೆ ‘ಕೈಗೆ ಬುದ್ಧಿ ಬರುವುದು ಎಂದು?’

ಹಾಗಿದ್ದವರು ತಟ್ಟಿದ್ದಾದರೂ ಹೇಗೆ? ಅಜ್ಞಾನದಿಂದ ತಟ್ಟಿದ್ದರೆ ಕ್ಷಮಿಸಬಹುದಿತ್ತು. ಅವರು ತಟ್ಟಿದ್ದು ಜ್ಞಾನದಿಂದ. ಕಡಲ ದಂಡೆಯ ದೀಪಸ್ತಂಭದ ಕಾವಲುಗಾರನ ವಿಧವೆ ಕೊನೆಯ ಸಲ ದೀಪ ಆರಿಸುವ ಆ ಹಾಡಿನ ಮೂಲ ಸ್ವರಲಿಪಿ ಅವರ ಮನೆಯ ಕಪಾಟಿನಲ್ಲಿತ್ತು. ಅದರಲ್ಲಿ ಹಾಡು ಒಂದು ದೀರ್ಘ ಮೌನಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು. ಆಮೇಲೆ ಸಂಯೋಜಕ ಮನಸ್ಸು ಬದಲಾಯಿಸಿ, ಮೌನದ ನಂತರ ಪಿಸುಮಾತಿನಂಥ ಎರಡು ಸಾಲು ಸೇರಿಸಿದ್ದ. ಕಾರ್ಯಕ್ರಮ ನಡೆದ ಆ ಭಾನುವಾರ ಮಧ್ಯಾಹ್ನ ಹಾಡಿದ್ದು ಈ ಹೊಸ ಪಾಠವನ್ನು. ಹಾಗೆಂದು ಕಾರ್ಯಕ್ರಮದ ಕರಪತ್ರದ ನಾಲ್ಕನೇ ಪುಟದಲ್ಲಿ ಅಚ್ಚಾಗಿತ್ತು. ವಿಮರ್ಶಕರು ಕರಪತ್ರ ಓದುವವರಲ್ಲ. ಅದರಲ್ಲಿನ ತಪ್ಪು ಹುಡುಕುವವರು, ಅದೂ ಮನೆಗೆ ಹೋದ ಮೇಲೆ.

ಇನ್ನೂ ಒಂದು ಗುಟ್ಟಿತ್ತು. ಸರಿಯಾದ ಜಾಗದಲ್ಲಿ ಮೊದಲ ಚಪ್ಪಾಳೆ ತಟ್ಟುವುದು ಅವರ ಚಟ. ಇಡೀ ಸಭೆ ಮುಗಿಯಿತೋ ಇಲ್ಲವೋ ಎಂದು ಅನುಮಾನಿಸುತ್ತಿರುವಾಗ, ಬಲ್ಲವನೊಬ್ಬ ತಟ್ಟಬೇಕು, ಉಳಿದವರು ಹಿಂಬಾಲಿಸಬೇಕು. ಅಂದು ಯಾರೂ ಹಿಂಬಾಲಿಸಲಿಲ್ಲ. ಮೂರನೇ ಚಪ್ಪಾಳೆ ಅರ್ಧದಲ್ಲಿದ್ದಾಗ ಹೆಂಡತಿ ಅವರ ಮಣಿಕಟ್ಟು ಹಿಡಿದಳು. ಆಕೆ ಆಸ್ಪತ್ರೆಯಲ್ಲಿ ದಾದಿ, ಹಿಡಿದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಬಲಗಡೆಯ ದರ್ಜಿ ತಿರುಗಿ ಒಮ್ಮೆ ನೋಡಿ, ಮತ್ತೆ ವೇದಿಕೆಯತ್ತ ಮುಖ ಮಾಡಿದ. ಅವರ ತಲೆಯ ಮೇಲೆ, ಕೈ ಚಾಚಿದರೆ ಸಿಗುವಷ್ಟು ಎತ್ತರದಲ್ಲಿ, ಧ್ವನಿಮುದ್ರಣದ ಮೈಕು ತೂಗುತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ವಿಮರ್ಶಕರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಯಾರೂ ಕಳ್ಳ ಅನ್ನುವ ಮೊದಲೇ ತಾವೇ ಕೂಗಿದರು. ಅಂದು ಸಂಜೆ ಕಚೇರಿಯಲ್ಲಿ ಕೂತು ಬರೆದ ವಿಮರ್ಶೆಯ ಕೊನೆಯಲ್ಲಿ ಈ ವಾಕ್ಯವಿತ್ತು: ‘ಮೂರನೇ ಸಾಲಿನ ಅವಿವೇಕಿಯೊಬ್ಬರು, ಬಹುಶಃ ಉಚಿತ ಪಾಸಿನಲ್ಲಿ ಬಂದ ಹೊಸಬರು, ಈ ಅಪೂರ್ವ ಮೌನವನ್ನು ಕೆಡಿಸಿದರು.’ ‘ಬಹುಶಃ’ ಎಂಬ ಪದವನ್ನು ಅವರು ಬೇರೆಯವರ ಬರಹದಲ್ಲಿ ಕಂಡರೆ ಕೆಂಪು ಗೆರೆ ಹಾಕುತ್ತಿದ್ದರು. ಹೆಂಡತಿ ಮರುದಿನ ಓದಿ, ಪತ್ರಿಕೆ ಮಡಚಿ, ನಾವೂ ಪಾಸಿನಲ್ಲೇ ಹೋಗಿದ್ದಲ್ವಾ ಎಂದು ಮಾತ್ರ ಕೇಳಿದಳು. ಅದು ಪತ್ರಿಕೆಯವರ ಪಾಸು, ಉಚಿತವಲ್ಲ, ಕೆಲಸದ್ದು ಎಂದು ಅವರು ವಿವರಿಸಿದರು. ಹೆಂಡತಿ ಡ್ಯೂಟಿಗೆ ಹೊರಟುಹೋದಳು.

ಐದು ತಿಂಗಳ ನಂತರ ರೆಕಾರ್ಡು ಹೊರಬಂತು. ಸಂಗೀತ ಕಛೇರಿ ನಡೆದದ್ದು ಒಂದೇ ದಿನ, ಬದಲಿ ಮುದ್ರಣ ಇರಲಿಲ್ಲ. ಚಪ್ಪಾಳೆ ಕತ್ತರಿಸಿದರೆ ಮೌನವೂ ಹೋಗುತ್ತದೆ ಎಂದು ಧ್ವನಿ ಎಂಜಿನಿಯರು ಅದನ್ನು ಹಾಗೇ ಬಿಟ್ಟಿದ್ದ. ಒಪೆರಾ ರೆಕಾರ್ಡುಗಳು ಆ ಊರಲ್ಲಿ ಎಂಟುನೂರು ಖರ್ಚಾದರೆ ಹಬ್ಬ. ಇದೂ ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಒಂದು ಬೆಳಿಗ್ಗೆ ಸೇತುವೆ ಮೇಲೆ ಲಾರಿ ಮಗುಚಿ ಎರಡು ಗಂಟೆ ವಾಹನಗಳು ನಿಂತವು. ರೇಡಿಯೋದಲ್ಲಿ ಸಂಚಾರ ಸುದ್ದಿ ಓದುವ ಹೆಂಗಸಿಗೆ ಹೇಳಲು ಹೊಸದೇನೂ ಇರಲಿಲ್ಲ, ಮೇಜಿನ ಮೇಲಿದ್ದ ಉದ್ದದ ಹಾಡೊಂದನ್ನು ಹಾಕಿದಳು. ಚಪ್ಪಾಳೆ ಕೇಳಿದ ಮೇಲೆ ಆಕೆ ಅಂದದ್ದು ಮರುದಿನ ಎಲ್ಲರ ಬಾಯಲ್ಲಿತ್ತು:

“ಪಾಪ, ಯಾರೋ ತಡ್ಕೊಳ್ಳೋಕಾಗ್ದೆ ತಟ್ಟಿಬಿಟ್ಟಿದಾರೆ. ಅವ್ರು ನಮ್ಮೋರು ಕಣ್ರೀ.”

ಅಲ್ಲಿಂದ ಆ ಹಾಡನ್ನು ಹಿಡಿಯುವವರಿಲ್ಲ. ನಾಲ್ಕು ಲಕ್ಷ ಪ್ರತಿ ಹೋಯಿತು. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಜಿಮ್ಮಿನಲ್ಲಿ ವಿಧವೆ ದೀಪ ಆರಿಸತೊಡಗಿದಳು. ಒಪೆರಾ ಎಂದರೆ ಹೊಟ್ಟೆನೋವಿನ ಕೂಗು ಎಂದುಕೊಂಡಿದ್ದವರೂ ಮೌನದ ಜಾಗಕ್ಕೆ ಕಾದು, ಎರಡೂವರೆ ಚಪ್ಪಾಳೆ ತಟ್ಟಿ, ನಕ್ಕು, ಆಮೇಲೆ ಬರುವ ಎರಡು ಸಾಲಿಗೆ ಸುಮ್ಮನಾಗುತ್ತಿದ್ದರು. ಒಂದು ದಿನ ಕ್ಷೌರದ ಕುರ್ಚಿಯಲ್ಲಿ ನೊರೆ ಹಚ್ಚಿಸಿಕೊಂಡು ಕೂತಿದ್ದ ವಿಮರ್ಶಕರಿಗೆ ಕ್ಷೌರಿಕ ‘ಈಗ ಬರತ್ತೆ ನೋಡಿ ಸಾರ್’ ಅಂದ. ಕತ್ತಿನ ಮೇಲಿದ್ದ ಕತ್ತಿ ತೆಗೆದು ಪಕ್ಕಕ್ಕಿಟ್ಟು, ಅವರದೇ ಚಪ್ಪಾಳೆಯನ್ನು ಅವರಿಗೇ ತಟ್ಟಿ ತೋರಿಸಿದ. ಅರ್ಧವನ್ನು ಅವರಿಗಿಂತ ಚೆನ್ನಾಗಿ ತಟ್ಟಿದ.

“ನೀವು ಇಪ್ಪತ್ತೆರಡು ವರ್ಷ ಬರ್ದಿದ್ದನ್ನ ಓದ್ದೋರಿಗಿಂತ ಈ ಎರಡೂವರೆ ಕೇಳ್ದೋರೇ ಜಾಸ್ತಿ ರೀ,” ಎಂದಳು ಹೆಂಡತಿ. ಅದು ಲೆಕ್ಕದಲ್ಲಿ ನಿಜವಾಗಿತ್ತು. ವಿಮರ್ಶಕರು ಪತ್ರಿಕೆಯ ಪ್ರಸಾರ ಸಂಖ್ಯೆ ನೋಡಿ ಖಚಿತಪಡಿಸಿಕೊಂಡರು. ಭಾವಪರವಶನಾಗಿ ತಟ್ಟಿದವನೆಂದು ಊರು ಮೆಚ್ಚುತ್ತಿತ್ತು, ಅವರು ತಟ್ಟಿದ್ದು ಜಂಬದಿಂದ. ಮೆಚ್ಚುಗೆಯೂ ತಪ್ಪು ವಿಳಾಸಕ್ಕೆ, ಬೈಗುಳವೂ ತಪ್ಪು ವಿಳಾಸಕ್ಕೆ. ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡು ಅವರು ಎರಡು ತಿಂಗಳು ಓಡಾಡಿದರು.

ಆಗ ಸಂಪಾದಕರು ಕರೆದರು. ಚಪ್ಪಾಳೆಯವನು ಸಿಕ್ಕಿದ್ದಾನಂತೆ, ಹೋಗಿ ಸಂದರ್ಶನ ಮಾಡಿಕೊಂಡು ಬನ್ನಿ ಎಂದರು. ವಿಷಯ ಇಷ್ಟು. ರೆಕಾರ್ಡು ಕೇಳಿದ ಗಾಯಕಿ ಕೆಂಡವಾಗಿದ್ದಳು. ಆ ಮನುಷ್ಯ ಇರುವ ರಂಗಮಂದಿರಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ಪತ್ರ ಬರೆದಿದ್ದಳು. ರಂಗಮಂದಿರದ ಮ್ಯಾನೇಜರು ಹಳೆಯ ವಿಮರ್ಶೆ ತೆಗೆದು ನೋಡಿದ. ಮೂರನೇ ಸಾಲು, ಉಚಿತ ಪಾಸು, ಹೊಸಬರು. ಪಾಸಿನ ಪಟ್ಟಿಯಲ್ಲಿ ಆ ಸಾಲಿಗೆ ಮೊದಲ ಸಲ ಬಂದವನು ಒಬ್ಬನೇ: ರಂಗಮಂದಿರದ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷದಿಂದ ವೇಷಭೂಷಣ ಹೊಲಿಯುತ್ತಿದ್ದ ದರ್ಜಿ. ಕಛೇರಿಯ ದಿನ ಬೆಳಿಗ್ಗೆ ಗಾಯಕಿಯ ಉಡುಪನ್ನು ಉಸಿರಿಗೆ ಅಡ್ಡಿಯಾಗದಂತೆ ಪಕ್ಕೆಲುಬಿನ ಬಳಿ ಸಡಿಲಿಸಿಕೊಟ್ಟದ್ದಕ್ಕೆ ಆಕೆಯೇ ಅವನಿಗೆ ಆ ಪಾಸು ಕೊಟ್ಟಿದ್ದಳು. ಮ್ಯಾನೇಜರು ಅವನನ್ನು ಕೆಲಸದಿಂದ ತೆಗೆದು ಹನ್ನೊಂದು ವಾರವಾಗಿತ್ತು.

ವಿಮರ್ಶಕರಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದನ್ನು ದಾರಿಯುದ್ದಕ್ಕೂ ತಮಗೆ ತಾವೇ ಹಲವು ಸಲ ಹೇಳಿಕೊಂಡರು. ಪ್ರತಿ ಸಲವೂ ಅದು ಅಡಿಟಿಪ್ಪಣಿಯಂತೆ ಕೇಳಿಸಿತು.

ದರ್ಜಿಯ ಹೊಸ ಅಂಗಡಿ ಬೀಗದ ಕೈ ಮಾಡುವವನ ಮತ್ತು ಚಪ್ಪಲಿ ರಿಪೇರಿಯವನ ನಡುವೆ, ಎರಡು ಕೈ ಚಾಚಿದರೆ ಗೋಡೆ ತಾಗುವಷ್ಟು ಅಗಲದ್ದು. ಅವನು ಶಾಲೆಯ ಸಮವಸ್ತ್ರದ ಅಂಚು ಬಿಚ್ಚುತ್ತಿದ್ದ. ತುಟಿಯಲ್ಲಿ ಗುಂಡುಸೂಜಿಗಳಿದ್ದವು. ಮಾತಾಡುವ ಮೊದಲು ಅವನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ಏಳು. ವಿಮರ್ಶಕರು ಎಣಿಸಿದರು, ಏಕೆಂದರೆ ಬೇರೆ ಕಡೆ ನೋಡುವ ಧೈರ್ಯವಿರಲಿಲ್ಲ.

“ಬನ್ನಿ ಸಾರ್. ಗುಂಡಿ ಹಾಕಿಸ್ಬೇಕಿತ್ತಾ?”

“ಇಲ್ಲ ಮಾಸ್ಟ್ರೇ. ಸಂದರ್ಶನ.”

“ಯಾರ್ದು?”

ವಿಮರ್ಶಕರು ಪುಸ್ತಕ ತೆರೆದು, ಅಭ್ಯಾಸಬಲದಿಂದ ದಿನಾಂಕ ಬರೆದರು, ಸಮಯ ಬರೆದರು. ಮೂರನೆಯದಾಗಿ ಬರೆಯಲು ಏನೂ ತೋಚಲಿಲ್ಲ. ಪೆನ್ನು ಮುಚ್ಚಿ, ಮ್ಯಾನೇಜರಿಗೆ ತಮ್ಮ ಹೆಸರನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದರು.

“ಹೇಳಿದ್ರೆ ನಗ್ತಿದ್ರು, ಅಷ್ಟೇ. ನೀವು ಚಪ್ಪಾಳೆ ಮೇಲೆ ಬರ್ಯೋರು. ನಾನು ಪ್ಯಾಂಟು ಹೊಲ್ಯೋನು.” ದರ್ಜಿ ಬಟ್ಟೆ ತಿರುಗಿಸಿದ. “ಇನ್ನೊಂದೇನಂದ್ರೆ, ನೀವೇ ಬರೀತೀರಿ ಅಂದ್ಕೊಂಡೆ. ಎರಡ್ನೇ ಪುಟದ ಕೆಳ್ಗೆ ಹಾಕ್ತಾರಲ್ಲ, ಅದ್ರಲ್ಲಿ. ದಿನಾ ನೋಡ್ತಿದ್ದೆ. ಒಂದಿನ ಯಾವ್ದೋ ಸಂಘದ ಅಧ್ಯಕ್ಷರ ವಯಸ್ಸು ಅರವತ್ತಾರಲ್ಲ, ಅರವತ್ತೈದು ಅಂತ ಹಾಕಿದ್ರಿ. ಹಂಗಾದ್ರೆ ಜಾಗಕ್ಕೇನೂ ಕೊರತೆ ಇಲ್ಲ ಅಂದ್ಕೊಂಡೆ.”

ವಿಮರ್ಶಕರಿಗೆ ಕೂರಲು ಜಾಗ ಬೇಕಾಯಿತು. ಇದ್ದದ್ದು ಒಂದೇ ಸ್ಟೂಲು; ಅದರ ಮೇಲೆ ದರ್ಜಿ ಕೂತಿದ್ದ. ನಿಂತೇ, ತಾವು ಹಾಡು ಮುಗಿಯಿತೆಂದುಕೊಂಡದ್ದು ಹೇಗೆ, ಸ್ವರಲಿಪಿಯಲ್ಲಿ ಎರಡು ಪಾಠಗಳಿರುವುದು ಹೇಗೆ ಎಂದು ಶುರುಮಾಡಿದರು. ದರ್ಜಿ ತಾಳ್ಮೆಯಿಂದ ಕೇಳಿದ.

“ನಂಗೆ ಗೊತ್ತಿತ್ತಲ್ಲ ಸಾರ್, ಇನ್ನೂ ಎರಡು ಸಾಲಿದೆ ಅಂತ. ತಾಲೀಮು ಮೂರು ವಾರ ನನ್ ತಲೆ ಮೇಲೇ ನಡೀತು. ಹತ್ತೊಂಬತ್ತು ವರ್ಷ ಎಲ್ಲಾನೂ ಕೆಳಗಿಂದಾನೇ ಕೇಳಿದೀನಿ. ಅವತ್ತೊಂದಿನ ಮೇಲೆ ಬಂದೆ.” ಅವನು ಚಾವಣಿಯತ್ತ ಗಲ್ಲ ಎತ್ತಿ ತೋರಿಸಿದ. ಮೇಲಿನಿಂದ ಸಣ್ಣಗೆ ಕೊರೆಯುವ ಸದ್ದು ಬರುತ್ತಿತ್ತು. “ಇಲ್ಲಿ ಮೇಲ್ಗಡೆ ಹಲ್ಲಿನ ಡಾಕ್ಟ್ರು.”

ಅಂದು ಮಧ್ಯಾಹ್ನ ವಿಮರ್ಶಕರು ಮನೆಯಲ್ಲಿ ತಿದ್ದುಪಡಿ ಬರೆಯಲು ಕೂತರು. ಮೊದಲ ಕರಡು ಎರಡು ಪುಟವಾಯಿತು. ಸಂಯೋಜಕನ ಜೀವನ, ಮೌನದ ಇತಿಹಾಸ, ಕರಪತ್ರದ ಅಕ್ಷರಗಳು ತೀರಾ ಸಣ್ಣದಾಗಿದ್ದುದು, ಎಲ್ಲವೂ ಅದರಲ್ಲಿತ್ತು. ಡ್ಯೂಟಿ ಮುಗಿಸಿ ಬಂದ ಹೆಂಡತಿ ಬೂಟು ಬಿಚ್ಚುತ್ತಲೇ ಓದಿದಳು.

“ಇದು ತಿದ್ದುಪಡಿನಾ, ವಕಾಲತ್ತಾ?”

“ಹಿನ್ನೆಲೆ ಬೇಡ್ವೇನೇ?”

“ಯಾರ್ರೀ ತಟ್ಟಿದ್ದು?”

“ನಾನು.”

“ಅದನ್ನ ಬರೀರಿ. ನಿಮ್ ಹಿನ್ನೆಲೆ ಕಟ್ಕೊಂಡು ಆ ಮನುಷ್ಯನಿಗೇನಾಗ್ಬೇಕು?”

ಸಂಪಾದಕರು ತಡೆದರು. ಸಂದರ್ಶನ ತರಲು ಕಳಿಸಿದರೆ ಆತ್ಮಹತ್ಯೆ ತಂದಿದ್ದೀರಲ್ಲ ಎಂದರು. ದರ್ಜಿಗೆ ಬೇರೆಲ್ಲಾದರೂ ಕೆಲಸ ಕೊಡಿಸೋಣ, ಇದನ್ನು ಮರೆಯೋಣ ಎಂದರು. ಬೇರೆಲ್ಲಾದರೂ ಎಂಬುದೇ ತೊಡಕು, ಅಲ್ಲಿ ತಲೆಯ ಮೇಲೆ ಹಾಡು ಇರುವುದಿಲ್ಲ ಎಂದು ವಿಮರ್ಶಕರು ವಿವರಿಸಲಿಲ್ಲ. ಜೀವನದಲ್ಲಿ ಮೊದಲ ಬಾರಿ ವಿವರಿಸದೆ, ಹಾಳೆಯನ್ನು ಮೇಜಿನ ಮೇಲಿಟ್ಟು ನಿಂತರು. ಮರುದಿನ ಎರಡನೇ ಪುಟದ ಕೆಳಗೆ ಹೀಗೆ ಬಂತು:

‘ದೀಪಸ್ತಂಭದ ಒಪೆರಾ ಕಛೇರಿಯ ವಿಮರ್ಶೆಯಲ್ಲಿ, ಹಾಡಿನ ನಡುವೆ ಚಪ್ಪಾಳೆ ತಟ್ಟಿದವರು ಹೊಸಬರು ಎಂದು ಪ್ರಕಟವಾಗಿತ್ತು. ತಟ್ಟಿದವರು ಇಪ್ಪತ್ತೆರಡು ವರ್ಷಗಳಿಂದ ಈ ಪತ್ರಿಕೆಗೆ ಬರೆಯುತ್ತಿರುವ ಸಂಗೀತ ವಿಮರ್ಶಕರು. ಪಕ್ಕದ ಆಸನದಲ್ಲಿದ್ದ ರಂಗಮಂದಿರದ ದರ್ಜಿ ಚಪ್ಪಾಳೆ ತಟ್ಟಲಿಲ್ಲ. ಅವಿವೇಕಿ ಎಂಬ ಪದಕ್ಕೆ ತಿದ್ದುಪಡಿ ಇಲ್ಲ.’

ಸಂಪಾದಕರು ಹೆದರಿದಂತೆ ಆಕಾಶ ಕಳಚಿ ಬೀಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ವಿಮರ್ಶಕರಿಗೆ ಸ್ವಲ್ಪ ಬೇಸರವೇ ಆಯಿತು. ರೇಡಿಯೋದವಳು ಹಾಡು ಹಾಕಿ, ನಮ್ಮೋರಲ್ವಂತೆ ಕಣ್ರೀ, ಪೇಪರಿನೋರಂತೆ ಎಂದು ನಿಟ್ಟುಸಿರು ಬಿಟ್ಟಳು. ಕ್ಷೌರಿಕ ತಾನು ಅರ್ಧ ತಟ್ಟುವುದು ಸರಿಯಿದೆಯೇ ಎಂದು ಪರೀಕ್ಷೆಗೆ ಕರೆದ. ಗಾಯಕಿ ಒಂದು ಸಾಲಿನ ಪತ್ರ ಬರೆದಳು: ದರ್ಜಿ ಹೊಲಿದರೆ ಬರುತ್ತೇನೆ, ವಿಮರ್ಶಕರು ಮನೆಯಲ್ಲಿ ಕೂತರೆ ಹಾಡುತ್ತೇನೆ. ಮ್ಯಾನೇಜರು ಆ ವಾರವೇ ದರ್ಜಿಯನ್ನು ವಾಪಸು ಕರೆಸಿದ.

ಅದರ ಮುಂದಿನ ಸೋಮವಾರ ಕಚೇರಿಯ ಫೋನು ಹೊಡೆದುಕೊಂಡಿತು. ಹೊಲಿಗೆ ಯಂತ್ರದ ಸದ್ದು, ಅದರ ಮೇಲೆ ಮಂದವಾಗಿ ಯಾರೋ ಹಾಡುವುದು ಕೇಳಿಸಿತು. ದರ್ಜಿ ಯಂತ್ರ ನಿಲ್ಲಿಸಿ ಮಾತಾಡಿದ. ವಿಮರ್ಶಕರು ಕೃತಜ್ಞತೆಯ ಮಾತಿಗೆ ಸಿದ್ಧರಾಗಿ, ಅಯ್ಯೋ ಅದೇನು ದೊಡ್ಡದು ಎಂಬ ಉತ್ತರವನ್ನೂ ಇಟ್ಟುಕೊಂಡಿದ್ದರು.

“ಸಾರ್, ನೀವು ಹಾಕಿದ್ರಲ್ಲ, ಅದ್ರಲ್ಲೊಂದು ತಪ್ಪಿದೆ.”

“ಏನು?”

“ನಾನು ತಟ್ಲಿಲ್ಲ ಅಂತ ಹಾಕಿದೀರಿ. ತಟ್ಟಿದೀನಿ. ಮುಗಿದ್ಮೇಲೆ. ಎಲ್ರೂ ನಿಲ್ಸಿದ್ಮೇಲೂ ತಟ್ತಾ ಇದ್ದೆ. ಆಗ ನೀವು ಅಮ್ಮಾವ್ರನ್ನ ಕರ್ಕೊಂಡು ಬಾಗಿಲ ಹತ್ರ ಹೋಗಿಬಿಟ್ಟಿದ್ರಿ.”

ಬರೀ ಮಾತನ್ನು ನಂಬುವ ಪೈಕಿಯಲ್ಲ ಅವರು. ಮನೆಗೆ ಹೋಗಿ ರೆಕಾರ್ಡು ಹಾಕಿದರು. ಇಷ್ಟು ದಿನ ಅದನ್ನು ಎಷ್ಟು ಸಲ ಹಾಕಿದ್ದರೋ, ಪ್ರತಿ ಸಲವೂ ಆರು ನಿಮಿಷ ಹನ್ನೊಂದನೇ ಸೆಕೆಂಡಿಗೆ ತಮ್ಮ ಸದ್ದು ಕೇಳಿ, ತಮ್ಮ ಮೇಲೆ ತಾವೇ ಕನಿಕರಪಟ್ಟು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮುಂದಿನ ಎರಡು ಸಾಲನ್ನು ರೆಕಾರ್ಡಿನಲ್ಲಿ ಅವರು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಸಭಾಂಗಣದಲ್ಲೂ ಕೇಳಿರಲಿಲ್ಲ; ಆಗ ಕಿವಿ ತುಂಬ ತಮ್ಮದೇ ಎದೆಬಡಿತವಿತ್ತು. ಈಗ ಕೇಳಿದರು. ಎರಡನೇ ಸಾಲಿನ ಕೊನೆಯಲ್ಲಿ ದನಿ ಯಾವಾಗ ನಿಂತಿತೆಂದೇ ತಿಳಿಯಲಿಲ್ಲ. ನಂತರ ಇಡೀ ಸಭೆಯ ಚಪ್ಪಾಳೆ ಏರಿತು, ಇಳಿಯಿತು, ಚದುರಿತು. ಮೈಕಿನ ಕೆಳಗೆ, ತೀರಾ ಹತ್ತಿರದಲ್ಲಿ, ಒಂದು ಜೊತೆ ಕೈ ಮಾತ್ರ ಉಳಿಯಿತು. ಅವಸರವಿಲ್ಲದೆ, ಮುದ್ರಣ ಮುಗಿಯುವವರೆಗೂ ಅದು ತಟ್ಟುತ್ತಲೇ ಇತ್ತು.

ಅವರು ಗಡಿಯಾರ ಹಿಡಿದು ಇನ್ನೆರಡು ಸಲ ಕೇಳಿದರು. ಎರಡನೇ ಸಲ ಗಡಿಯಾರ ನೋಡಲು ಮರೆತದ್ದರಿಂದ ಮೂರನೇ ಸಲವೂ ಕೇಳಬೇಕಾಯಿತು. ಬೆಳಿಗ್ಗೆ ಸಂಪಾದಕರ ಮೇಜಿನ ಮೇಲೆ ಹಾಳೆ ಇಟ್ಟರು.

“ಇನ್ನೊಂದಾ?” ಎಂದರು ಸಂಪಾದಕರು.

“ತಿದ್ದುಪಡಿಗೆ ತಿದ್ದುಪಡಿ. ದರ್ಜಿ ತಟ್ಟಿದ್ದಾರೆ. ಹಾಡು ಮುಗಿದ ಮೇಲೆ, ಇಪ್ಪತ್ತಾರು ಸೆಕೆಂಡು, ಒಬ್ರೇ.”

“ಇಪ್ಪತ್ತಾರು ಅನ್ನೋದು ಖಚಿತಾನಾ?”

“ಖಚಿತ,” ಎಂದ ವಿಮರ್ಶಕರು ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. “ಆದ್ರೂ ಒಂದ್ಸಲ ಅವರನ್ನೇ ಕೇಳಿಬಿಡ್ತೀನಿ,” ಎಂದು ಫೋನಿನತ್ತ ಹೋದರು.