ಮೊಬೈಲಿಗೆ ಬಂದ ನೀರಿನ ಸರದಿ

ಬೆಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನದಿಂದ ಬಂದ ಮೇಲೆ ಲಿಂಗರಾಜುವಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಕಂಪ್ಯೂಟರ್ ಸೆಂಟರ್; ಟೈಪಿಂಗು, ಟ್ಯಾಲಿ ಕಲಿಸಿಕೊಂಡು ಹಾಯಾಗಿದ್ದವನು. ಅಂಥವನು ಎರಡು ದಿನ ತಣ್ಣನೆಯ ಸಭಾಂಗಣದಲ್ಲಿ ಕೂತು ಹೊಸ ಟೂಲುಗಳನ್ನು ನೋಡಿಬಿಟ್ಟಿದ್ದ. ಇನ್ನು ಯಾರೂ ಸ್ವಂತ ಸರ್ವರ್ ಇಟ್ಟುಕೊಳ್ಳಬೇಕಿಲ್ಲವಂತೆ. ಬರೆದ ಪ್ರೋಗ್ರಾಮನ್ನು ಒಂದು ಬಟನ್ ಒತ್ತಿ ಕಂಪನಿಯ ಕ್ಲೌಡಿಗೆ ಏರಿಸಿದರೆ, ಎಲ್ಲೋ ದೂರದೇಶದ ಯಂತ್ರಗಳು ಹಗಲೂ ರಾತ್ರಿ ಅದನ್ನು ಓಡಿಸುತ್ತವಂತೆ. ವೇದಿಕೆಯ ಮೇಲಿನವನು ಆ ಬಟನ್ ಒತ್ತಿ ತೋರಿಸಿದಾಗ ಲಿಂಗರಾಜು ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದ್ದ.

ತಟ್ಟಲು ಕಾರಣವಿತ್ತು. ಚುಂಚನಕಟ್ಟೆ ಕಡೆಯ ಅವನ ಹುಟ್ಟೂರಿನಲ್ಲಿ ದೊಡ್ಡಪ್ಪ ಕರಿಯಯ್ಯನೇ ನೀರುಗಂಟಿ. ನಾಲೆಯ ನೀರು ಇವತ್ತು ಯಾರ ಗದ್ದೆಗೆ, ನಾಳೆ ಯಾರ ಗದ್ದೆಗೆ ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಹೋದ ವರ್ಷ ಒಂದೇ ಒಂದು ಸಲ ಸರದಿ ತಪ್ಪಿ ಬೇರೆಯವರ ಗದ್ದೆಗೆ ತೂಬು ಎತ್ತಿಬಿಟ್ಟ. ಊರಿನವರು ದೊಡ್ಡದು ಮಾಡಲಿಲ್ಲ, ಹೆದರಿಹೋದವನು ಮುದುಕನೇ. “ಏನಾರಾ ಮಾಡ್ಲಾ ಮಗಾ. ನನ್ ತಲೆ ನಾನೇ ನಂಬೋಕಾಗಕಿಲ್ಲ” ಅಂತ ಸೆಂಟರಿಗೇ ಬಂದು ಕೂತ. ಲಿಂಗರಾಜು ಪ್ರೋಗ್ರಾಮ್ ಬರೆದುಕೊಟ್ಟ. ದಿನಾ ಬೆಳಕು ಹರಿಯುವ ಮುಂಚೆ, ಆ ದಿನದ ಸರದಿಯವರ ಮೊಬೈಲಿಗೆ ಮೆಸೇಜು. ಅಂದಿನಿಂದ ಮುದುಕ ನೆಮ್ಮದಿಯಾಗಿ ನಿದ್ದೆ ಮಾಡಿದ್ದ.

ಕಾಟವಿದ್ದದ್ದು ಕರೆಂಟಿನದು. ಸಮ್ಮೇಳನದಿಂದ ಬಂದ ಮರುದಿನ, ಸೋಮವಾರ, ಬೆಳಗಿನ ಜಾವ ಕರೆಂಟ್ ಹೋಗಿ ಸೆಂಟರಿನ ಕಂಪ್ಯೂಟರ್ ಮಲಗಿತು. ಅವತ್ತು ಸರದಿ ಇದ್ದ ಮಹದೇವಪ್ಪನಿಗೆ ಮೆಸೇಜೇ ಹೋಗಲಿಲ್ಲ. ಅವನು ಮೊಬೈಲ್ ನೋಡಿದ, ಏನೂ ಇಲ್ಲ. ಮನೆಗೆ ಬೀಗ ಹಾಕಿ ಮಗಳನ್ನು ನೋಡಲು ಮೊದಲ ಬಸ್ಸಿಗೆ ಪಿರಿಯಾಪಟ್ಟಣಕ್ಕೆ ಹೊರಟುಬಿಟ್ಟ. ಕರಿಯಯ್ಯ ಹಳೇ ಅಭ್ಯಾಸದಂತೆ ಅವನ ಬಾಗಿಲಿಗೆ ಹೋಗಿ ಕೂಗಿದ, ಕಾದ, ವಾಪಸ್ಸು ಬಂದ. ಗದ್ದೆಯಲ್ಲಿ ಆಳಿಲ್ಲದವನ ಸರದಿ ಹೋದಂತೆಯೇ, ಅದು ಊರಿನ ಕಟ್ಟುಪಾಡು. ಆ ದಿನದ ನೀರು ಹಳ್ಳ ಸೇರಿತು.

ಸುದ್ದಿ ಗೊತ್ತಾದದ್ದೇ ಲಿಂಗರಾಜು ಊಟಕ್ಕೂ ಏಳದೆ ಕೂತು ಪ್ರೋಗ್ರಾಮನ್ನು ಕ್ಲೌಡಿಗೆ ಏರಿಸಿದ. ಒಂದೇ ಬಟನ್. ಪರೀಕ್ಷೆ ಮಾಡಿ ನೋಡಲು ಪುರುಸೊತ್ತೆಲ್ಲಿ? ಮಹರಾಯನ ಕಾಲು ಆಗಲೇ ನೆಲದ ಮೇಲಿರಲಿಲ್ಲ.

ಮಂಗಳವಾರ ಬೆಳಿಗ್ಗೆಯೇ ಬೈಕ್ ಹತ್ತಿ ತೂಬಿನ ಹತ್ತಿರ ಬಂದ. ಕುಳ್ಳಮ್ಮನ ಗದ್ದೆಗೆ ನೀರು ಹರಿಯುತ್ತಿತ್ತು. ಸರದಿ ಅವಳದೇ.

“ಮೆಸೇಜ್ ಬಂತಾ ಕುಳ್ಳಮ್ಮಕ್ಕ?”

“ಎಲ್ ಬಂತಪ್ಪಾ? ನಿಮ್ ದೊಡ್ಡಪ್ಪ ಬಂದು ಕೂಗುದ್ರು, ಬಂದೆ.”

ಲಿಂಗರಾಜು ಜೇಬಿನಿಂದ ತನ್ನ ಮೊಬೈಲ್ ತೆಗೆದ. ಅಷ್ಟರಲ್ಲಿ ಮಹದೇವಪ್ಪ ಮೊಬೈಲ್ ಎತ್ತಿ ಹಿಡಿದುಕೊಂಡು ಬದುವಿನ ಮೇಲೆ ದಾಪುಗಾಲು ಹಾಕುತ್ತ ಬಂದ.

“ಕರಿಯಣ್ಣ, ಇವತ್ತು ನನ್ ಸರದಿ ಕಣಣ್ಣೋ! ಈಗ ಬೆಳಿಗ್ಗೆ ಬಂದದೆ, ನೋಡು.”

“ನಿಂದು ನಿನ್ನೆ ಕಣಪ್ಪ” ಎಂದ ಕರಿಯಯ್ಯ, “ನಿನ್ ಬಾಗ್ಲಲ್ಲಿ ನಿಂತು ಕೂಗಿವ್ನಿ.”

“ನಿನ್ನೇದಾಗಿದ್ರೆ ನಿನ್ನೆ ಬತ್ತಿರ್ಲಿಲ್ವಾ? ಇದ್ರಲ್ಲಿ ಇವತ್ತು ಅಂತ ಅದೆ.”

ಲಿಂಗರಾಜು ಮೊಬೈಲ್ ಕಸಿದು ನೋಡಿದ. ಇವತ್ತು ನಿಮ್ಮ ಸರದಿ, ಅಂತಲೇ ಇತ್ತು. ತಕ್ಷಣ ಎಲ್ಲ ಹೊಳೆಯಿತು.

“ಮಹದೇವಣ್ಣ, ತಪ್ಪು ನಂದು! ಆ ಮಿಷಿನ್ ಇರೋದು ಬೇರೆ ದೇಶದಲ್ಲಿ. ಅದರ ಗಡಿಯಾರ ನಮಗಿಂತ ಹಿಂದೆ. ನಮಗೆ ಬೆಳಕಾಗೋ ಹೊತ್ತಲ್ಲಿ ಅದಕ್ಕಿನ್ನೂ ಸೋಮವಾರಾನೇ. ಅದಕ್ಕೇ ನಿನ್ನೆ ಸರದಿಯವರಿಗೆ ಇವತ್ತು ಮೆಸೇಜ್ ಹೋಗಿದೆ. ದೊಡ್ಡಪ್ಪ ಹೇಳಿದ್ದೇ ಸರಿ.”

ಮಹದೇವಪ್ಪ ನಕ್ಕುಬಿಟ್ಟ. “ಒಳ್ಳೇ ಕತೆ ಕಟ್ದೆ ಕಣ್ಲಾ. ಮಿಷಿನ್ಗೆ ನೆಂಟರಿಲ್ಲ, ನಿಂಗವ್ರೆ. ದೊಡ್ಡಪ್ಪನ್ನ ಉಳಿಸ್ಕೊಳೋಕೆ ಅದರ ಮ್ಯಾಲಾಕ್ತೀಯಾ?”

ಜಗಳವಾಡಬೇಕಾಗಿದ್ದ ಕರಿಯಯ್ಯ ಆ ಮೊಬೈಲನ್ನೇ ನೋಡಿದ. ಗುದ್ದಲಿ ತೆಗೆದುಕೊಂಡು ಕುಳ್ಳಮ್ಮನ ಗದ್ದೆಗೆ ಹೋಗುತ್ತಿದ್ದ ನೀರಿಗೆ ಮಣ್ಣೆಳೆದು ಅಡ್ಡ ಕಟ್ಟಿದ. “ತಪ್ಪಾಗೋಯ್ತು ಕಣವ್ವ” ಎಂದು ಅವಳಿಗೆ ಕೈ ಮುಗಿದ.

“ಬುಡು ಕರಿಯಣ್ಣ, ವಯಸ್ಸಾಯ್ತಲ್ಲ” ಅಂದಳು ಅವಳು. ಒಳ್ಳೇ ಮನಸ್ಸಿನಿಂದಲೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಲಿಂಗರಾಜು ಓಡಿಹೋಗಿ ದೊಡ್ಡಪ್ಪನ ರಟ್ಟೆ ಹಿಡಿದುಕೊಂಡ. “ನೀನು ಮರ್ತಿಲ್ಲ ದೊಡ್ಡಪ್ಪಾ. ನೀನು ಹೇಳಿದ್ದೇ ನಿಜ. ನಿನ್ ತಲೆ ಸರಿಯಾಗೇ ಅದೆ. ಆಣೆ ಮಾಡ್ತೀನಿ, ತಪ್ಪು ನಂದು!” ಅವನಿಗೆ ಅಳುವೇ ಬಂತು. ಆ ಅಳುವೇ ಮುದುಕನನ್ನು ಇನ್ನಷ್ಟು ನಂಬಿಸಿತು.

ಕರಿಯಯ್ಯ ಅವನ ಬೆನ್ನು ತಟ್ಟಿದ. “ಅಳಬ್ಯಾಡ ಬುಡ್ಲಾ. ನಮ್ಮಪ್ಪಂಗೆ ಮರೆವು ಹಿಡ್ದಾಗ ನಾನೂ ಇಂಗೇ ಯೋಳ್ತಿದ್ದೆ.”

ನಾಲೆಯ ಏರಿಯ ಮೇಲೆ ಮೆಲ್ಲಗೆ ಕುಕ್ಕರಿಸಿದ. ಬೆರಳು ಮಡಿಸಿ ಏನೋ ಎಣಿಸಿದ, ಅರ್ಧಕ್ಕೆ ಬಿಟ್ಟ, ಮತ್ತೆ ಮೊದಲಿನಿಂದ ಎಣಿಸಿದ. ಕಡೆಗೆ ತಲೆ ಎತ್ತಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದ:

“ಇವತ್ತು ಯಾವ ವಾರ್ಲಾ ಮಗಾ? ನಿನ್ ಮಿಷಿನ್ನ ಒಂದ್ಕಿತ ಕೇಳ್ಬುಟ್ಟು ಯೋಳು.”